ಬುದ್ಧನ ಧ್ಯಾನ ಪಶ್ಚಿಮದವರಿಗೆ ಏಕೆ ಇಷ್ಟು ಹಿಡಿಸಿತು?

ಕೆರೆ ಏರಿಯ ಓದುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಧರ್ಮಗಳ ವಿಷಯದಲ್ಲಿ ಹೇಳಿಕೊಳ್ಳುವಂಥ ಓದು ನನಗಿಲ್ಲ. ಕಳೆದ ವರ್ಷ ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ ಕೆಲವು ತಿಂಗಳು ಇದ್ದೆವು. ಮಗಳು ಮತ್ತು ಅಳಿಯ ಅಲ್ಲಿನ ಧ್ಯಾನದ ಕೂಟವೊಂದಕ್ಕೆ ವಾರಕ್ಕೊಂದು ಸಂಜೆ ಹೋಗುವ ರೂಢಿ ಇಟ್ಟುಕೊಂಡಿದ್ದಾರೆ. ಮಗಳು ಹೋಗಲಾಗದ ಒಂದು ಸಂಜೆ ಅಳಿಯನ ಜೊತೆ ನಾನು ಹೋಗಿದ್ದೆ. ಬೂಟುಗಳನ್ನು ಬಾಗಿಲಲ್ಲಿ ಸಾಲಾಗಿ ಬಿಟ್ಟು ಒಳಗೆ ಹೋದರೆ, ಗುಂಡಗಿನ ಗಟ್ಟಿ ದಿಂಬುಗಳ ಮೇಲೆ ಇಪ್ಪತ್ತು ಮೂವತ್ತು ಜನ ಗೋಡೆಯಗುಂಟ ಕುಳಿತಿದ್ದರು. ಹೆಂಗಸೊಬ್ಬರು ಕಂಚಿನ ಬಟ್ಟಲನ್ನು ಮರದ ಕೋಲಿನಿಂದ ಒಮ್ಮೆ ತಟ್ಟಿದರು. ಅದಾದ ಮೇಲೆ ಮುಕ್ಕಾಲು ಗಂಟೆ ಯಾರೂ ಕೆಮ್ಮಲೂ ಇಲ್ಲ. ಮಂತ್ರವಿಲ್ಲ, ಆರತಿಯಿಲ್ಲ, ಪ್ರಸಾದವಿಲ್ಲ. ಕೊನೆಗೆ ಚಹಾ ಕುಡಿಯುವಾಗ ಪರಿಚಯವಾದವರಲ್ಲಿ ಒಬ್ಬರು ನರ್ಸ್, ಒಬ್ಬರು ನಲ್ಲಿ ರಿಪೇರಿ ಮಾಡುವವರು, ಮೂರ್ನಾಲ್ಕು ಜನ ಶಾಲಾ ಶಿಕ್ಷಕರು. ಆ ನಲ್ಲಿ ರಿಪೇರಿಯವರು ಹುಟ್ಟಿನಿಂದ ಕ್ಯಾಥೊಲಿಕ್, ಚರ್ಚಿಗೆ ಹೋಗುವುದನ್ನು ಬಿಟ್ಟು ಬಹಳ ವರ್ಷವಾಯಿತು, ಹಾಗೆಂದು ತಾವು ಬೌದ್ಧರೆಂದೂ ಹೇಳಿಕೊಳ್ಳುವುದಿಲ್ಲ.

ಊರಿಗೆ ಬಂದ ಮೇಲೆ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗ್ ಗೆಳೆಯರಲ್ಲಿ ಇದನ್ನು ಪ್ರಸ್ತಾಪಿಸಿದೆ. ಒಬ್ಬರು, ನಮ್ಮ ದೇಶದ ಹಿರಿಮೆ ಅವರಿಗೆ ಈಗ ಗೊತ್ತಾಗಿದೆ ಎಂದರು. ಇನ್ನೊಬ್ಬರು, ಹೊಟ್ಟೆ ತುಂಬಿದವರ ಶೋಕಿ ಎಂದು ತಳ್ಳಿಹಾಕಿದರು. ಎರಡೂ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ತಾಯಿಯವರು ದಿನವೂ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ದಿಟ್ಟಿಸುತ್ತ ಕೂರುತ್ತಿದ್ದರು. ಅಜ್ಜಿ ಏಳುವ ತನಕ ತಿಂಡಿ ಸಿಗುವುದಿಲ್ಲವೆಂದು ಸಿಡಿಮಿಡಿಗೊಳ್ಳುತ್ತಿದ್ದ ಹುಡುಗಿಯೇ ಈಗ ಏಳು ಸಮುದ್ರದಾಚೆ ತಾನಾಗಿ ಕಣ್ಣು ಮುಚ್ಚಿ ಕೂರುತ್ತಾಳೆ.

ಆದ್ದರಿಂದ ತಿಳಿದವರನ್ನು ಕೇಳುತ್ತೇನೆ. ಪಶ್ಚಿಮದವರು ಇಷ್ಟೆಲ್ಲ ಧರ್ಮಗಳಿರುವಾಗ ಬೌದ್ಧಧರ್ಮವನ್ನೇ, ಅದರಲ್ಲಿಯೂ ಧ್ಯಾನವನ್ನೇ ಹುಡುಕಿಕೊಂಡು ಹೋದದ್ದು ಏಕೆ? ಅವರು ಮಾಡುತ್ತಿರುವುದು ಧರ್ಮವೋ, ಚಿಕಿತ್ಸೆಯೋ? ಬೆಂಗಳೂರಿನಲ್ಲಿ ಹತ್ತು ದಿನದ ವಿಪಶ್ಶನ ಎಂಬ ಬೌದ್ಧ ಧ್ಯಾನದ ಶಿಬಿರಕ್ಕೆ ಹೋಗಿ ಬಾ ಎಂದು ಮಗಳು ನನಗೂ ಒತ್ತಾಯ ಮಾಡುತ್ತಿದ್ದಾಳೆ. ನನಗೆ ಸಕ್ಕರೆ ಕಾಯಿಲೆ ಇದೆ, ಮೊಣಕಾಲು ನೋವೂ ಇದೆ.


ಇತಿಹಾಸದ ಮೇಷ್ಟ್ರು, ಚಿತ್ರದುರ್ಗ

ಕೆರೆ ಏರಿಯವರೇ, ನೀವು ಇದ್ದ ಊರಿನ ಆಸುಪಾಸಿನಲ್ಲಿಯೇ ಈ ಕಥೆಯ ಎರಡು ಮುಖ್ಯ ಘಟನೆಗಳು ನಡೆದಿವೆ. ಅದಕ್ಕೆ ಮುಂಚೆ ಸ್ವಲ್ಪ ಹಿಂದಿನದನ್ನು ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಯುರೋಪಿಗೆ ಬೌದ್ಧಧರ್ಮ ಮೊದಲು ಪರಿಚಯವಾದದ್ದು ಪುಸ್ತಕಗಳ ಮೂಲಕ, ಭಿಕ್ಷುಗಳ ಮೂಲಕವಲ್ಲ. ಪಾಲಿ ಭಾಷೆಯ ಬೌದ್ಧ ಗ್ರಂಥಗಳನ್ನು ಅಚ್ಚು ಹಾಕಿಸುವ ಪಾಲಿ ಟೆಕ್ಸ್ಟ್ ಸೊಸೈಟಿಯನ್ನು ರೀಸ್ ಡೇವಿಡ್ಸ್ 1881ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿಸಿದರು. ವಿಕಾಸವಾದ ಬಂದು ಬೈಬಲ್ಲಿನ ಸೃಷ್ಟಿಕಥೆಯ ಮೇಲೆ ಓದಿದವರ ನಂಬಿಕೆ ಅಲುಗಾಡುತ್ತಿದ್ದ ಕಾಲವದು. ಸೃಷ್ಟಿಕರ್ತನ ಗೊಡವೆಗೆ ಹೋಗದೆ, ದುಃಖಕ್ಕೆ ಕಾರಣವಿದೆ, ಕಾರಣವನ್ನು ನೀಗಿದರೆ ದುಃಖವೂ ನೀಗುತ್ತದೆ ಎಂದು ತರ್ಕಬದ್ಧವಾಗಿ ಹೇಳುವ ಉಪದೇಶ ಅಂಥವರಿಗೆ ವಿಜ್ಞಾನದ ನೆಂಟನಂತೆ ಕಂಡಿತು. 1893ರ ಚಿಕಾಗೊ ಸರ್ವಧರ್ಮ ಸಮ್ಮೇಳನವೆಂದರೆ ನಮಗೆ ವಿವೇಕಾನಂದರು ಮಾತ್ರ ನೆನಪಾಗುತ್ತಾರೆ. ಅದೇ ವೇದಿಕೆಯಲ್ಲಿ ಸಿಂಹಳದ ಅನಾಗಾರಿಕ ಧರ್ಮಪಾಲರೂ ಜಪಾನಿನ ಝೆನ್ (ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ) ಗುರು ಸೋಯೆನ್ ಶಾಕುವೂ ಇದ್ದರು, ಮತ್ತು ಇಬ್ಬರೂ ತಮ್ಮ ಧರ್ಮ ವಿಜ್ಞಾನಕ್ಕೆ ವಿರುದ್ಧವಲ್ಲ ಎಂಬುದನ್ನು ಒತ್ತಿ ಹೇಳಿದರು.

ಇಷ್ಟಾದರೂ ಅದು ಓದುವವರ ಬೌದ್ಧಧರ್ಮವಾಗಿತ್ತೇ ಹೊರತು ಕೂರುವವರದಾಗಿರಲಿಲ್ಲ. ಕೂರುವುದನ್ನು ಕಲಿಸಿದ್ದು ಮುಖ್ಯವಾಗಿ ಎರಡು ದಾರಿ: ಜಪಾನಿನ ಝೆನ್ ಒಂದು, ಬರ್ಮಾದ ವಿಪಶ್ಶನ ಇನ್ನೊಂದು. ಬರ್ಮಾದ್ದನ್ನು ನಾನು ಹೆಚ್ಚು ಬಲ್ಲೆ. 1885ರಲ್ಲಿ ಬ್ರಿಟಿಷರು ಮಂಡಾಲೆಯನ್ನು ಹಿಡಿದು ಥೀಬಾ ರಾಜನನ್ನು ನಮ್ಮ ರತ್ನಾಗಿರಿಗೆ ಗಡೀಪಾರು ಮಾಡಿದಾಗ ಭಿಕ್ಷುಸಂಘ ರಾಜಾಶ್ರಯವನ್ನು ಕಳೆದುಕೊಂಡಿತು. ಇನ್ನು ಧರ್ಮ ಉಳಿಯಬೇಕಾದರೆ ಗೃಹಸ್ಥರೇ ಅದನ್ನು ಹೊರಬೇಕೆಂದು ಲೆಡಿ ಸಯಾಡೊ ಎಂಬ ಭಿಕ್ಷು (1846–1923) ಊರೂರು ತಿರುಗಿ ಸಾಮಾನ್ಯ ಜನರಿಗೆ ಶಾಸ್ತ್ರವನ್ನೂ ಧ್ಯಾನವನ್ನೂ ಹೇಳಿಕೊಟ್ಟರು. ಅಲ್ಲಿಯವರೆಗೆ ಬೌದ್ಧ ದೇಶಗಳ ಗೃಹಸ್ಥರಲ್ಲಿ ಬಹುಪಾಲು ಜನ ದಾನ, ಶೀಲ, ಪೂಜೆಗಳಲ್ಲಿ ತೃಪ್ತರಾಗಿದ್ದರು. ಧ್ಯಾನವು ಭಿಕ್ಷುಗಳಿಗೆ, ಅವರಲ್ಲಿಯೂ ಕೆಲವರಿಗೆ ಸೇರಿದ್ದಾಗಿತ್ತು.

ಆ ಪರಂಪರೆಯಲ್ಲಿ ಬಂದ ಸಯಾಜಿ ಊ ಬಾ ಖಿನ್ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು (ಬ್ಯಾಂಕಿನವರಾದ ನಿಮಗೆ ಇದು ರುಚಿಸಬಹುದು), ತಮ್ಮ ಕಚೇರಿಯ ನೌಕರರಿಗೇ ಧ್ಯಾನ ಕಲಿಸಿದವರು. 1955ರಲ್ಲಿ ಮೈಗ್ರೇನ್ ತಲೆನೋವಿನಿಂದ ಬಳಲುತ್ತಿದ್ದ ಮಾರವಾಡಿ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಈ ಊ ಬಾ ಖಿನ್ ಅವರ ಬಳಿ ಹೋದರು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರಗಳನ್ನು ಆರಂಭಿಸಿದಾಗ, ವಿಯೆಟ್ನಾಂ ಯುದ್ಧದಿಂದಲೂ ತಮ್ಮದೇ ಸಮಾಜದ ಓಟದಿಂದಲೂ ಬೇಸತ್ತು ಅಲೆಯುತ್ತಿದ್ದ ಅಮೆರಿಕದ ಹುಡುಗ ಹುಡುಗಿಯರು ಬೋಧಗಯೆಯಲ್ಲಿ ಅವರ ಮುಂದೆ ಕುಳಿತರು. ಆ ಪೀಳಿಗೆಯ ಶರೋನ್ ಸಾಲ್ಜ್‌ಬರ್ಗ್, ಜೋಸೆಫ್ ಗೋಲ್ಡ್‌ಸ್ಟೀನ್, ಜ್ಯಾಕ್ ಕಾರ್ನ್‌ಫೀಲ್ಡ್ ಸೇರಿ 1975ರಲ್ಲಿ ಸ್ಥಾಪಿಸಿದ ಇನ್‌ಸೈಟ್ ಮೆಡಿಟೇಷನ್ ಸೊಸೈಟಿ ನಿಮ್ಮ ವೂಸ್ಟರಿನ ವಾಯವ್ಯಕ್ಕೆ ಬ್ಯಾರಿ ಎಂಬ ಹಳ್ಳಿಯಲ್ಲಿದೆ. ಅವರು ಕೊಂಡ ಕಟ್ಟಡ ಅದಕ್ಕೆ ಮುಂಚೆ ಕ್ಯಾಥೊಲಿಕ್ ಸನ್ಯಾಸಾರ್ಥಿಗಳ ತರಬೇತಿಯ ಮನೆಯಾಗಿತ್ತು. ನಿಮ್ಮ ನಲ್ಲಿ ರಿಪೇರಿಯವರ ಕಥೆಯನ್ನು ಆ ಒಂದು ಕಟ್ಟಡವೇ ಹೇಳುತ್ತದೆಂದು ನನಗನ್ನಿಸುತ್ತದೆ: ಮೌನಕ್ಕೂ ನಿಯಮಕ್ಕೂ ಹಂಬಲಿಸುವ ಜನ ಕಡಿಮೆಯಾಗಿರಲಿಲ್ಲ, ಆದರೆ ಅದನ್ನು ಪಡೆಯಲು ಮೊದಲು ಒಂದು ನಂಬಿಕೆಗೆ ಸಹಿ ಹಾಕಬೇಕೆಂಬ ಷರತ್ತು ಅವರಿಗೆ ಬೇಡವಾಗಿತ್ತು. ಬರ್ಮಾದಲ್ಲಿ ಗೃಹಸ್ಥರಿಗೆಂದು ಹದಗೊಳಿಸಿದ ಪದ್ಧತಿಗೆ ಆ ಷರತ್ತು ಇರಲಿಲ್ಲ. ಉಸಿರನ್ನು ಗಮನಿಸಿ ನೋಡು, ಫಲ ಕಂಡರೆ ಮುಂದುವರಿ ಎಂದಷ್ಟೇ ಅದು ಹೇಳುತ್ತಿತ್ತು.


ಮನೋವೈದ್ಯೆ, ದಾವಣಗೆರೆ

ಮೇಷ್ಟ್ರು ಹೇಳಿದ ಎರಡು ಘಟನೆಗಳಲ್ಲಿ ಇನ್ನೊಂದು ನಮ್ಮ ವೃತ್ತಿಗೆ ಸೇರಿದ್ದು. ಅದನ್ನು ನಾನು ಹೇಳುತ್ತೇನೆ. ಝೆನ್ ಮತ್ತು ವಿಪಶ್ಶನ ಎರಡನ್ನೂ ಅಭ್ಯಾಸ ಮಾಡಿದ್ದ ಜಾನ್ ಕಬಾಟ್-ಝಿನ್ ಎಂಬ ಜೀವವಿಜ್ಞಾನಿ 1979ರಲ್ಲಿ ವೂಸ್ಟರಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧಿಗೆ ಬಗ್ಗದ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಕೆಲವು ವಾರಗಳ ಒಂದು ತರಬೇತಿಯನ್ನು ಆರಂಭಿಸಿದರು. ಬುದ್ಧನ ಹೆಸರನ್ನು ಅವರು ಬೇಕೆಂದೇ ಹಿಂದಕ್ಕಿಟ್ಟರು, ಏಕೆಂದರೆ ಆಸ್ಪತ್ರೆಗೆ ಬರುವ ರೋಗಿ ಧರ್ಮವನ್ನು ಕೇಳಿಕೊಂಡು ಬಂದಿರುವುದಿಲ್ಲ. ಮೊದಲ ತರಗತಿಯಲ್ಲಿ ಪ್ರತಿಯೊಬ್ಬರ ಅಂಗೈಗೆ ಒಂದೇ ಒಂದು ಒಣದ್ರಾಕ್ಷಿಯನ್ನು ಕೊಡುತ್ತಾರೆ. ಅದನ್ನು ಬೆಳಕಿಗೆ ಹಿಡಿದು ಸುಕ್ಕುಗಳನ್ನು ನೋಡಬೇಕು, ಬೆರಳಲ್ಲಿ ಹೊರಳಿಸಬೇಕು, ಮೂಸಬೇಕು, ನಾಲಿಗೆಯ ಮೇಲಿಟ್ಟು ಜಗಿಯದೆ ಕಾಯಬೇಕು, ಆಮೇಲೆ ನಿಧಾನವಾಗಿ ಕಚ್ಚಬೇಕು. ಈ ಪಾಠವನ್ನು ನಮ್ಮ ರೋಗಿಗಳಿಗೆ ಮಾಡಿಸಿದಾಗ ಮೊದಲು ನಗುತ್ತಾರೆ. ಆಮೇಲೆ, ಊಟವೆಲ್ಲ ಟಿವಿ ನೋಡುತ್ತಲೇ ನುಂಗಿದ್ದಾಯಿತಲ್ಲ ಡಾಕ್ಟ್ರೇ ಎನ್ನುತ್ತಾರೆ.

ಇದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೌದು, ಆದರೆ ಜಾಹೀರಾತಿನಷ್ಟಲ್ಲ. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ, 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವು ಆತಂಕ, ಖಿನ್ನತೆ ಮತ್ತು ನೋವು ತಕ್ಕಮಟ್ಟಿಗೆ ಇಳಿಯುವುದನ್ನು ಕಂಡಿತು. ವ್ಯಾಯಾಮ, ಔಷಧಿಗಳಂಥ ಬೇರೆ ಚಿಕಿತ್ಸೆಗಿಂತ ಧ್ಯಾನ ಮೇಲು ಎನ್ನಲು ಅದಕ್ಕೆ ಆಧಾರ ಸಿಗಲಿಲ್ಲ. ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಯನ್ನು ತಡೆಯಲು ಇದರಿಂದಲೇ ಹುಟ್ಟಿದ ಇನ್ನೊಂದು ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2004ರಲ್ಲಿಯೇ ಒಪ್ಪಿತು. ಆದರೆ ಅದೇ ಬ್ರಿಟನ್ನಿನಲ್ಲಿ ಹದಿಹರೆಯದ ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದು 2022ರಲ್ಲಿ ಫಲಿತಾಂಶ ಹೊರಬಂದ ದೊಡ್ಡ ಪ್ರಯೋಗದಲ್ಲಿ, ಶಾಲೆಯಲ್ಲಿ ಎಲ್ಲರಿಗೂ ಧ್ಯಾನ ಕಲಿಸಿದ್ದರಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬೇಕೆಂದು ಬಂದವರಿಗೆ ಆಗುವ ಉಪಕಾರ ಬಲವಂತವಾಗಿ ಕೂರಿಸಿದವರಿಗೆ ಆಗಲಿಲ್ಲವೆಂದರೆ ನನಗೆ ಆಶ್ಚರ್ಯವಿಲ್ಲ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಧ್ಯಾನಿಗಳನ್ನೂ ಗುರುಗಳನ್ನೂ ವಿವರವಾಗಿ ಸಂದರ್ಶಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಯ, ನಿದ್ರಾಹೀನತೆ, ತನ್ನ ದೇಹವೇ ತನ್ನದಲ್ಲವೆಂಬ ಭಾವನೆ ಮುಂತಾದವು ವರದಿಯಾಗಿವೆ. ಹಿಂದೆ ತೀವ್ರ ಮಾನಸಿಕ ಕಾಯಿಲೆ ಬಂದುಹೋದವರು ದಿನಕ್ಕೆ ಹತ್ತು ಗಂಟೆ ಕೂರುವ ಶಿಬಿರಕ್ಕೆ ತಮ್ಮ ವೈದ್ಯರನ್ನು ಕೇಳದೆ ಹೋಗಬಾರದು.


ಮೊಳಕಾಲ್ಮೂರಿನವನು

ಮೇಷ್ಟ್ರೂ ಡಾಕ್ಟರ್ ಮೇಡಂ ಅವರೂ ಚೆನ್ನಾಗಿ ವಿವರಿಸಿದ್ದಾರೆ, ಆದರೆ ಈ ಚರ್ಚೆಯಲ್ಲಿ ಬೌದ್ಧರೇ ಕಾಣಿಸುತ್ತಿಲ್ಲ ಎಂಬುದು ನನ್ನ ತಕರಾರು. ಪಶ್ಚಿಮದ ಬೌದ್ಧಧರ್ಮವೆಂದರೆ ದಿಂಬಿನ ಮೇಲೆ ಕುಳಿತ ಬಿಳಿಯರು ಎಂದುಕೊಳ್ಳುತ್ತೇವೆ. ಅಮೆರಿಕದ ಬೌದ್ಧರಲ್ಲಿ ಸುಮಾರು ಮೂರನೆಯ ಎರಡು ಪಾಲು ಏಷ್ಯಾ ಮೂಲದವರೆಂದು 2012ರ ಪ್ಯೂ ಸಂಸ್ಥೆಯ ಸಮೀಕ್ಷೆ ಹೇಳುತ್ತದೆ. ಜಪಾನಿನಿಂದ ವಲಸೆ ಬಂದ ಕೂಲಿಕಾರರಿಗಾಗಿ ಬೌದ್ಧ ಪುರೋಹಿತರು 1899ರಲ್ಲಿಯೇ ಸಾನ್ ಫ್ರಾನ್ಸಿಸ್ಕೊಗೆ ಬಂದಿದ್ದರು. ಅಲ್ಲಿನ ಜನ ಅಮಿತಾಭ ಬುದ್ಧನ ನಾಮವನ್ನು ಸ್ಮರಿಸುತ್ತಾರೆ, ಸತ್ತ ಹಿರಿಯರಿಗಾಗಿ ಬೇಸಿಗೆಯಲ್ಲಿ ಹಬ್ಬ ಮಾಡಿ ಕುಣಿಯುತ್ತಾರೆ. ಧ್ಯಾನಕ್ಕೆ ಕೂರುವವರು ಕಡಿಮೆ. ಎರಡನೆಯ ಮಹಾಯುದ್ಧ ಬಂದಾಗ ಸರ್ಕಾರ ಮೊದಮೊದಲು ಬಂಧಿಸಿದವರಲ್ಲಿ ಅವರ ಪುರೋಹಿತರಿದ್ದರು. ತಮ್ಮ ಸಂಸ್ಥೆಯ ಹೆಸರಿನಲ್ಲಿ ಚರ್ಚ್ ಎಂಬ ಮಾತನ್ನು ಅವರು ಸೇರಿಸಿಕೊಂಡದ್ದು 1944ರಲ್ಲಿ, ಯೂಟಾದ ಮರುಭೂಮಿಯ ಬಂಧನ ಶಿಬಿರದಲ್ಲಿ ಸೇರಿದ ಸಭೆಯಲ್ಲಿ. ಒಬ್ಬರ ಮೇಲೆ ಅನುಮಾನ ತಂದ ಧರ್ಮವೇ ಇನ್ನೊಬ್ಬರಿಗೆ ಮನಶ್ಶಾಂತಿಯ ಸಾಧನವಾದದ್ದನ್ನು ಮರೆಯಬಾರದು.

ಅಷ್ಟು ದೂರ ಹೋಗುವುದೂ ಬೇಡ. ಹಾವೇರಿಯ ಆಚೆ ಮುಂಡಗೋಡಿಗೆ ಹೋದರೆ ಟಿಬೆಟಿನ ನಿರಾಶ್ರಿತರು ಮತ್ತೆ ಕಟ್ಟಿಕೊಂಡ ಡ್ರೆಪುಂಗ್, ಗಾಂದೆನ್ ಮಠಗಳಿವೆ. ಅಲ್ಲಿ ಸಂಜೆ ಅಂಗಳದಲ್ಲಿ ನಿಂತ ಭಿಕ್ಷು ಕುಳಿತವನಿಗೆ ಪ್ರಶ್ನೆ ಹಾಕಿ, ಎಡಗಾಲನ್ನು ನೆಲಕ್ಕಪ್ಪಳಿಸಿ ಚಟ್ಟನೆ ಚಪ್ಪಾಳೆ ತಟ್ಟುತ್ತಾನೆ. ನೂರಾರು ಜನ ಹೀಗೆ ಏರುದನಿಯಲ್ಲಿ ವಾದ ಮಾಡುತ್ತಿರುತ್ತಾರೆ. ಹೆಚ್ಚಿನವರಿಗೆ ವರ್ಷಗಟ್ಟಲೆ ಇದೇ ಸಾಧನೆ. ಮೌನವಾಗಿ ಕೂರುವುದೇ ಬೌದ್ಧರ ಲಕ್ಷಣ ಎನ್ನುವವರು ಆ ಗದ್ದಲವನ್ನು ಒಮ್ಮೆ ಕೇಳಬೇಕು.

ನಮ್ಮ ತಾಲ್ಲೂಕಿನದೇ ಸಾಕ್ಷಿಯಿದೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಇವೆ. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ (ಅಧಿಕಾರಿಗಳಿಗೆ) ಬಂದ ಆ ಆಜ್ಞೆಯಲ್ಲಿ ಅಶೋಕನು, ತಾನು ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆ ಶ್ರಮಿಸಿದೆನು ಎಂದು ಹೇಳಿಕೊಳ್ಳುತ್ತಾನೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಶ್ರಮದಿಂದ ಫಲವುಂಟು ಎನ್ನುತ್ತಾನೆ. ಆಮೇಲೆ ಮಾಡಬೇಕಾದ್ದನ್ನು ಹೇಳುತ್ತಾನೆ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಕಣ್ಣು ಮುಚ್ಚಿ ಕೂರು ಎಂಬ ಮಾತು ಅದರಲ್ಲಿಲ್ಲ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ದೀಕ್ಷೆ ಪಡೆದದ್ದೂ ರಕ್ತದೊತ್ತಡ ಇಳಿಸಲಿಕ್ಕಲ್ಲ. ಮನುಷ್ಯರು ಮನುಷ್ಯರೊಡನೆ ಬದುಕುವ ರೀತಿಯನ್ನು ಬದಲಿಸಲಿಕ್ಕೆ.

ಕೆರೆ ಏರಿಯವರು ತಮ್ಮ ತಾಯಿಯವರನ್ನು ನೆನೆದಿದ್ದಾರೆ. ಆ ತಾಯಿಗೆ ಇಷ್ಟಲಿಂಗವನ್ನು ದಿಟ್ಟಿಸುವುದರ ಜೊತೆಗೆ ಪಂಚಾಚಾರವಿತ್ತು, ದಾಸೋಹವಿತ್ತು, ಬಂದ ಜಂಗಮರಿಗೆ ಊಟವಿತ್ತು. ನಾಳೆ ಬಾಸ್ಟನ್ನಿನ ಕಂಪನಿಯೊಂದು ಮಿಕ್ಕಿದ್ದನ್ನೆಲ್ಲ ಕಳಚಿ, ಅಂಗೈ ದಿಟ್ಟಿಸುವುದನ್ನಷ್ಟೇ ಏಕಾಗ್ರತೆಯ ಪಾಠವಾಗಿ ಮೊಬೈಲ್ ಆ್ಯಪ್‌ನಲ್ಲಿ ತಿಂಗಳ ಚಂದಾಕ್ಕೆ ಮಾರಿದರೆ ನಮಗೆ ಹೇಗನ್ನಿಸೀತು? ಬೌದ್ಧರಿಗೆ ಆದದ್ದು ಅದೇ.


ಇತಿಹಾಸದ ಮೇಷ್ಟ್ರು, ಚಿತ್ರದುರ್ಗ

ಮೊಳಕಾಲ್ಮೂರಿನವರ ತಕರಾರನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಏಷ್ಯಾದ ವಲಸಿಗರನ್ನು ನಾನು ಬಿಟ್ಟದ್ದು ಪ್ರಶ್ನೆ ಬೇರೆಯಿತ್ತೆಂಬ ಕಾರಣಕ್ಕೆ. ಆದರೆ ಶಾಸನದ ಮೇಲೆ ಅಷ್ಟು ಭಾರ ಹಾಕಬಾರದು. ಅದು ಅಧಿಕಾರಿಗಳ ಮೂಲಕ ಪ್ರಜೆಗಳಿಗೆ ಹೊರಡಿಸಿದ ರಾಜಾಜ್ಞೆ, ಸಾಧಕರ ಕೈಪಿಡಿಯಲ್ಲ. ಧ್ಯಾನದ ಉಲ್ಲೇಖ ಅದರಲ್ಲಿ ಇಲ್ಲವೆಂದ ಮಾತ್ರಕ್ಕೆ ಧ್ಯಾನ ಬೌದ್ಧಧರ್ಮದ ಅಂಚಿನ ವಿಷಯವೆಂದಾಗುವುದಿಲ್ಲ. ಬುದ್ಧನು ಹೇಳಿದ ಎಂಟು ಅಂಗಗಳ ಅಷ್ಟಾಂಗ ಮಾರ್ಗದ ಕೊನೆಯ ಎರಡು ಅಂಗಗಳಾದ ಸಮ್ಯಕ್ ಸ್ಮೃತಿ (ಸರಿಯಾದ ಎಚ್ಚರ), ಸಮ್ಯಕ್ ಸಮಾಧಿ (ಸರಿಯಾದ ಏಕಾಗ್ರತೆ) ಅದೇ ಅಲ್ಲವೇ? ಉಳಿದ ಆರನ್ನು ಬಿಟ್ಟು ಈ ಎರಡನ್ನೇ ಹಿಡಿದುಕೊಳ್ಳುವುದು ಸರಿಯೇ ಎಂದು ಕೇಳಿದರೆ ಸರಿಯಾದ ಪ್ರಶ್ನೆಯಾಗುತ್ತದೆ.

ಇನ್ನು ಕಳಚಿ ಕೊಂಡೊಯ್ಯುವುದರ ಬಗ್ಗೆ. ಬ್ಯಾರಿಯ ಕೇಂದ್ರದಲ್ಲಿಯೂ ಗೋಯೆಂಕಾ ಶಿಬಿರಗಳಲ್ಲಿಯೂ ಪಂಚಶೀಲವನ್ನು (ಕೊಲ್ಲದಿರುವುದು, ಕದಿಯದಿರುವುದು ಮುಂತಾದ ಐದು ನಿಯಮಗಳನ್ನು) ಸ್ವೀಕರಿಸದೆ ಯಾರೂ ಕೂರುವಂತಿಲ್ಲ. ಗೋಯೆಂಕಾ ಪದ್ಧತಿಯಲ್ಲಿ ಶುಲ್ಕವೂ ಇಲ್ಲ. ಒಂದು ಶಿಬಿರ ಮುಗಿಸಿದವರಿಂದ ಮಾತ್ರ ದಾನ ಪಡೆಯುತ್ತಾರೆ. ಅವರನ್ನೂ ಚಂದಾ ಕೇಳುವ ಆ್ಯಪ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.


ಮೊಳಕಾಲ್ಮೂರಿನವನು

ಆ್ಯಪ್‌ಗಳನ್ನು ಬೇರೆ ಮಾಡಿ ನೋಡಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಹತ್ತು ದಿನ ಶೀಲವನ್ನು ಪಾಲಿಸಿ ಹನ್ನೊಂದನೆಯ ದಿನ ಅದೇ ಕಚೇರಿಗೆ, ಅದೇ ಪೈಪೋಟಿಗೆ ಮರಳುವವನಿಗೆ ಧ್ಯಾನವು ಇನ್ನಷ್ಟು ಹೊತ್ತು ದುಡಿಯುವ ಶಕ್ತಿಯನ್ನಷ್ಟೇ ಕೊಟ್ಟರೆ, ಲಾಭ ಯಾರದ್ದೆಂಬ ಪ್ರಶ್ನೆ ಉಳಿಯುತ್ತದೆ. ದೊಡ್ಡ ಕಂಪನಿಗಳು ತಮ್ಮ ಖರ್ಚಿನಲ್ಲಿ ನೌಕರರಿಗೆ ಧ್ಯಾನ ಕಲಿಸುತ್ತಿರುವುದು ಸಂಬಳವನ್ನೋ ರಜೆಯನ್ನೋ ಹೆಚ್ಚಿಸುವುದಕ್ಕಿಂತ ಅದು ಅಗ್ಗ ಎಂಬ ಕಾರಣಕ್ಕೂ ಇರಬಹುದೆಂದು ನನ್ನ ಅನುಮಾನ.


ಕೆರೆ ಏರಿಯ ಓದುಗ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಇದನ್ನೆಲ್ಲ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಕಂಪನಿಯ ಮಾತಿಗೆ ಅವಳು ನಕ್ಕು, ನಮ್ಮ ಆಫೀಸಿನಲ್ಲಿಯೂ ಒಂದು ಧ್ಯಾನದ ಕೋಣೆ ಇದೆ ಅಪ್ಪಾ, ಅಲ್ಲಿಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ ಎಂದಳು. ತಾನು ಆ ಕೂಟಕ್ಕೆ ಹೋಗಲು ಶುರು ಮಾಡಿದ್ದು ಶಾಂತಿಗಾಗಿ ಅಲ್ಲವೆಂದೂ, ಆ ಊರಿನಲ್ಲಿ ಕೆಲಸದ ಮಾತಾಡದೆ ನಾಲ್ಕು ಜನರ ಜೊತೆ ಕೂರಲು ಸಿಕ್ಕ ಜಾಗ ಅದೊಂದೇ ಆಗಿತ್ತೆಂದೂ ಹೇಳಿದಳು. ಇದು ನನಗೆ ಗೊತ್ತಿರಲಿಲ್ಲ. ಡಾಕ್ಟರ್ ಮೇಡಂ, ನನ್ನ ಸಕ್ಕರೆಯ ವಿಷಯಕ್ಕೆ ಉತ್ತರ ಬಾಕಿಯಿದೆ.


ಮನೋವೈದ್ಯೆ, ದಾವಣಗೆರೆ

ನಿಮ್ಮ ಮಗಳು ಹೇಳಿದ ಕಾರಣವನ್ನು ಸಂಶೋಧನೆಗಳು ಅಳೆಯುವುದು ಕಡಿಮೆ, ಆದರೆ ಜೊತೆಯವರಿದ್ದಾರೆಂಬುದೇ ಅರ್ಧ ಔಷಧಿಯೆಂದು ನನ್ನ ಅನುಭವ.

ಶಿಬಿರದ ವಿಷಯ. ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತಾರೆ, ಮಧ್ಯಾಹ್ನದ ಊಟ ಹನ್ನೊಂದಕ್ಕೇ ಇರುತ್ತದೆ, ಸಂಜೆ ಐದಕ್ಕೆ ಹೊಸಬರಿಗೆ ಹಣ್ಣು ಮತ್ತು ಚಹಾ ಕೊಡುತ್ತಾರೆ, ರಾತ್ರಿ ಊಟವಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಂತರ ತೊಂದರೆ ಕೊಡಬಹುದಾದ್ದರಿಂದ, ಮೊದಲು ನಿಮ್ಮ ವೈದ್ಯರ ಬಳಿ ಈ ವೇಳಾಪಟ್ಟಿಯನ್ನು ತೋರಿಸಿ ಔಷಧಿಯ ಪ್ರಮಾಣವನ್ನು ಮಾತಾಡಿ. ಅರ್ಜಿಯಲ್ಲಿ ಕಾಯಿಲೆಯನ್ನೂ ಮಾತ್ರೆಗಳ ಹೆಸರನ್ನೂ ಮುಚ್ಚಿಡದೆ ಬರೆದು, ರಾತ್ರಿ ಏನಾದರೂ ತಿನ್ನಲು ಅವಕಾಶವಿದೆಯೇ ಎಂದು ಕೇಂದ್ರದವರನ್ನು ಮುಂಚಿತವಾಗಿಯೇ ಕೇಳಿಕೊಳ್ಳಿ. ಮೊದಲ ಮೂರು ದಿನ ಉಸಿರನ್ನು ಗಮನಿಸುವುದಷ್ಟೇ ಇರುತ್ತದೆ. ನಾಲ್ಕನೆಯ ದಿನದಿಂದ ದಿನಕ್ಕೆ ಮೂರು ಬಾರಿ ಒಂದೊಂದು ಗಂಟೆ ಭಂಗಿ ಬದಲಿಸದೆ ಕೂರಲು ಹೇಳುತ್ತಾರೆ. ನಿಮ್ಮ ಮೊಣಕಾಲಿಗೆ ಅದು ಒಗ್ಗದು, ಕುರ್ಚಿಯನ್ನು ಮೊದಲ ದಿನವೇ ಕೇಳಿ ಪಡೆಯಿರಿ.